ಸಂಘ ಮುಚ್ಚಲು ಕೋರಂ ಬೇಕು

ಸಂಘವೊಂದನ್ನು ಹುಟ್ಟುಹಾಕಲು ಏಳು ಜನ ಸಾಕೆಂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಹೇಳುತ್ತದೆ. 1994ರ ಒಂದು ಸಂಜೆ ಬಿಸಿ ಬೋಂಡದ ತಟ್ಟೆಯ ಸುತ್ತ ಕುಳಿತಿದ್ದ ನಾವು ಏಳು ಮಂದಿ ಆ ಸಾಹಸಕ್ಕೆ ಕೈಹಾಕಿ, ನಮ್ಮ ಬಡಾವಣೆಗೊಂದು ಸಾಂಸ್ಕೃತಿಕ ಸಂಘವನ್ನು ನೋಂದಾಯಿಸಿಬಿಟ್ಟೆವು. ಅದನ್ನು ವಿಸರ್ಜಿಸಲು ಮಾತ್ರ ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನರ ಒಪ್ಪಿಗೆ ಬೇಕೆಂಬುದು, ನಮ್ಮೆಲ್ಲರಿಗೂ ವೈದ್ಯರು ಬೋಂಡ ಬಿಡಿಸಿದ ಮೇಲೆ ತಿಳಿಯಿತು.

ಸದಸ್ಯರ ಪುಸ್ತಕದಲ್ಲಿ 45 ಹೆಸರುಗಳಿದ್ದವು. ಎಂದರೆ 27 ಮತಗಳು ಬೇಕು. ರಾಜ್ಯೋತ್ಸವದ ದಿನವೂ ಮೈಕಿನವನನ್ನು ಸೇರಿಸಿ ಹನ್ನೊಂದು ಜನ ದಾಟದ ಸಂಘ ನಮ್ಮದು. ತೀರಿಕೊಂಡ ಆರು ಮಂದಿಯ ಹೆಸರನ್ನಾದರೂ ಪಟ್ಟಿಯಿಂದ ತೆಗೆಯೋಣವೆಂದರೆ ಅದಕ್ಕೆ ಕಾರ್ಯಕಾರಿ ಸಮಿತಿಯ ನಿರ್ಣಯವಾಗಬೇಕು, ಸಮಿತಿಯ ಅವಧಿಯೋ ಮುಗಿದು ಐದು ವರ್ಷವಾಗಿತ್ತು. ಹೀಗಾಗಿ ಮುಚ್ಚುವುದಕ್ಕೆಂದೇ ಚುನಾವಣೆ ನಡೆದು, ನಾನು ಅವಿರೋಧವಾಗಿ ಅಧ್ಯಕ್ಷನಾದೆ. "ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿ ದುಡಿದಾಗ ಕೊಡದ ಪಟ್ಟವನ್ನು ವೈಕುಂಠ ಸಮಾರಾಧನೆಗೆ ಕೊಟ್ಟರೇ?" ಎಂದು ನನ್ನ ಹೆಂಡತಿ ಕೇಳಿದಳು.

ಬಾಕಿ ಉಳಿದಿದ್ದ ಐದು ವರ್ಷಗಳ ಲೆಕ್ಕಪತ್ರಗಳನ್ನು ಸಲ್ಲಿಸಲು ಹೊರಟಾಗ ಸಂಘದ ಮೊಹರು ಒಣಗಿ, ನಮ್ಮ ಹೆಸರಿನ ಜಾಗದಲ್ಲಿ ಬರೀ ಒಂದು ನೀಲಿ ಚಂದ್ರಗ್ರಹಣ ಮೂಡತೊಡಗಿತು. ಹೊಸದನ್ನು ಮಾಡಿಕೊಟ್ಟ ಹುಡುಗ, "ಇಂಕ್ ಹಾಕೋದೇ ಬೇಡ ಸಾರ್, ಹತ್ತು ಸಾವಿರ ಸಲ ಒತ್ತಬಹುದು" ಎಂದು ಅಭಯವಿತ್ತ. ಇನ್ನೆರಡು ತಿಂಗಳು ಬದುಕಬೇಕಾದ ಸಂಘವಿದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ವಿಸರ್ಜನಾ ಸಭೆಗೆ ಕೇಸರಿಬಾತ್ ಉಂಟೆಂದು ನೋಟಿಸಿನಲ್ಲೇ ಅಚ್ಚು ಹಾಕಿಸಿದ್ದರಿಂದ 31 ಮಂದಿ ಬಂದರು. ಸಂಘದ ಇತಿಹಾಸದಲ್ಲೇ ಅದು ದಾಖಲೆ. ಹಿರಿಯ ಸದಸ್ಯರೊಬ್ಬರು, ತಾವು ಚಂದಾ ಕೊಟ್ಟಿದ್ದಕ್ಕೆ ಪ್ರತಿಯಾಗಿ ಎರಡು ಕುರ್ಚಿ ಒಯ್ಯಲು ಆಟೋ ಸಮೇತ ಬಂದಿದ್ದರು. ಮುಚ್ಚಿದ ಸಂಘದ ಆಸ್ತಿಯಲ್ಲಿ ಸದಸ್ಯರಿಗೆ ಕಿಲುಬು ಕಾಸೂ ಸಲ್ಲದು, ಉಳಿದದ್ದೆಲ್ಲ ಇನ್ನೊಂದು ಸಂಘಕ್ಕೇ ಹೋಗಬೇಕು ಎಂಬ ನಿಯಮವನ್ನು ನಾನು ಓದಿ ಹೇಳಿದಾಗ, ಅವರು ಆಟೋದವನನ್ನು ಕಾಯಿಸಿ ಇನ್ನೊಂದು ತಟ್ಟೆ ಕೇಸರಿಬಾತ್ ಹಾಕಿಸಿಕೊಂಡರು. ನಲವತ್ತು ಕುರ್ಚಿಗಳನ್ನೂ ಖಾತೆಯ ಹಣವನ್ನೂ ಪಕ್ಕದ ಬೀದಿಯ ಮಹಿಳಾ ಸಂಘಕ್ಕೆ ಕೊಡುವುದೆಂದು ತೀರ್ಮಾನವಾಯಿತು.

ಪಾಸ್‌ಬುಕ್ಕಿನಲ್ಲಿದ್ದಷ್ಟನ್ನೂ ಅವರಿಗೆ ಚೆಕ್ಕಿನಲ್ಲಿ ಕೊಟ್ಟು, ಶಿಲ್ಕು ಸೊನ್ನೆಯೆಂದು ಲೆಕ್ಕಪರಿಶೋಧಕರಿಂದ ಸಹಿ ಹಾಕಿಸಿಕೊಂಡು ಬ್ಯಾಂಕಿಗೆ ಹೋದೆ. ಖಾತೆ ಮುಚ್ಚುವ ಮುನ್ನ ಕ್ರಮಪ್ರಕಾರ ಅವರು 38 ರೂಪಾಯಿ ಬಡ್ಡಿ ಜಮಾ ಮಾಡಿ ಕೈಗಿತ್ತರು. ಸೊನ್ನೆ ಕೆಟ್ಟಿತು, ಲೆಕ್ಕಪತ್ರ ಮತ್ತೆ ಬರೆಯಬೇಕಾಯಿತು, ಪರಿಶೋಧಕರ ಶುಲ್ಕ ನನ್ನ ಜೇಬಿನಿಂದಲೇ ಹೋಯಿತು. ಆ 38 ರೂಪಾಯಿಯನ್ನು ಒಯ್ದರೆ ಮಹಿಳಾ ಸಂಘದ ಕಾರ್ಯದರ್ಶಿಯವರು, ಪತ್ರವಿಲ್ಲದೆ ಹಣ ಮುಟ್ಟುವಂತಿಲ್ಲವೆಂದರು. ಅಲ್ಲೇ ಪತ್ರ ಬರೆದು ಮೊಹರು ಒತ್ತಿದೆ. ಅದು ಒಂಬತ್ತನೆಯ ಸಲ. ಆ ಹುಡುಗನ ಲೆಕ್ಕದಲ್ಲಿ ಇನ್ನೂ 9,991 ಸಲ ಬಾಕಿಯಿದೆ.