ಸಾಲ ತೀರಿತು, ಡಿವಿಡೆಂಡ್ ಉಳಿಯಿತು

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂದು ಗಾದೆ ಕಟ್ಟಿದವರು ಆದಾಯ ತೆರಿಗೆ ಕಾಯ್ದೆ ಓದಿರಲಿಲ್ಲ. ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಕೊಟ್ಟೋನೂ ನೀವೇ, ಇಸ್ಕೊಂಡೋನೂ ನೀವೇ, ಕೋಡಂಗಿಯೂ ನೀವೇ. ಈರಭದ್ರನ ಪಾತ್ರಕ್ಕೆ ಮಾತ್ರ ಹೊರಗಿನವರು ಬರುತ್ತಾರೆ.

ಕಂಪನಿ ನೋಂದಾಯಿಸುವ ದಿನ ಮಾಲೀಕರಿಗೆ ಒಂದು ಪಾಠ ಚೆನ್ನಾಗಿ ಬಾಯಿಪಾಠವಾಗಿರುತ್ತದೆ: ಕಂಪನಿ ಬೇರೆ, ನಾನು ಬೇರೆ. ಸಾಲಗಾರರು ಬಾಗಿಲು ತಟ್ಟಿದಾಗ ಇದು ಥಟ್ಟನೆ ನೆನಪಾಗುತ್ತದೆ. ಮಗಳ ಮದುವೆಗೆ ಕಂಪನಿ ಖಾತೆಯಿಂದ ದುಡ್ಡು ಎತ್ತುವಾಗ ಮಾತ್ರ ‘ನಮ್ದೇ ಅಲ್ವಾ’ ಆಗಿಬಿಡುತ್ತದೆ.

1961ರ ಆದಾಯ ತೆರಿಗೆ ಕಾಯ್ದೆಯ 2(22)(ಇ) ಕಲಂ ಕಾದು ಕುಳಿತಿರುವುದು ಅಲ್ಲೇ. ಸಾರ್ವಜನಿಕರ ಪಾಲಿಲ್ಲದ ಕಂಪನಿ, ಕನಿಷ್ಠ ಶೇ. 10ರಷ್ಟು ಮತಾಧಿಕಾರವಿರುವ ಷೇರುದಾರನಿಗೆ ಸಾಲ ಅಥವಾ ಮುಂಗಡ ಕೊಟ್ಟರೆ, ಸಂಚಿತ ಲಾಭ (ಹಂಚದೆ ಕೂಡಿಟ್ಟ ಲಾಭ) ಎಷ್ಟಿದೆಯೋ ಅಷ್ಟರ ಮಟ್ಟಿಗೆ ಅದು ಸಾಲವಲ್ಲ, ಡಿವಿಡೆಂಡ್, ಅಂದರೆ ಷೇರುದಾರನಿಗೆ ಹಂಚಿದ ಲಾಭ. ಅದೇ ಷೇರುದಾರನಿಗೆ ಶೇ. 20ರಷ್ಟು ಪಾಲಿರುವ ಇನ್ನೊಂದು ಸಂಸ್ಥೆಗೆ ದಾಟಿಸಿದರೂ ಅದೇ ಗತಿ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದಿದೆ. ಕಲಮಿನ ನಂಬರ್ ಬದಲಾಗಿದೆ, ಚಾಳಿ ಬದಲಾಗಿಲ್ಲ.

ಲೆಡ್ಜರ್ ತೆರೆದು ನೋಡೋಣ. ಇಂಥ ಷೇರುದಾರರೇ ಆದ ಡೈರೆಕ್ಟರ್ ಹಿಂದೆ ಕಂಪನಿಗೆ ಹಾಕಿದ್ದ 2 ಲಕ್ಷ ಜಮೆಯಲ್ಲಿದೆ. ಮೇ 12ರಂದು 14 ಲಕ್ಷ ಎತ್ತುತ್ತಾರೆ. ಮೊದಲ 2 ಲಕ್ಷ ಅವರದೇ ದುಡ್ಡು, ವಾಪಸ್ ಬಂತು, ತಕರಾರಿಲ್ಲ. ಉಳಿದ 12 ಲಕ್ಷ ಸಾಲ. ಆ ದಿನದವರೆಗಿನ ಸಂಚಿತ ಲಾಭ 9 ಲಕ್ಷ ಇದ್ದರೆ 9 ಲಕ್ಷ ಡಿವಿಡೆಂಡ್. ಶೇ. 30ರ ಹಂತದವರಿಗೆ ಸೆಸ್ ಸೇರಿ ತೆರಿಗೆ 2,80,800 ರೂಪಾಯಿ. ಕೊಡುವಾಗಲೇ ಕಂಪನಿ ಶೇ. 10 ಟಿಡಿಎಸ್ ಹಿಡಿಯಬೇಕಿತ್ತು. ಸಾಲಕ್ಕೆ ಯಾರಾದರೂ ಟಿಡಿಎಸ್ ಹಿಡಿಯುತ್ತಾರೆಯೇ? ಹಿಡಿದಿರುವುದಿಲ್ಲ. ಅದಕ್ಕೆ ಬಡ್ಡಿ ಬೇರೆ.

ಮಾರ್ಚ್ 28ಕ್ಕೆ ಅಷ್ಟನ್ನೂ ತುಂಬಿ, ಬ್ಯಾಲೆನ್ಸ್ ಶೀಟಿನಲ್ಲಿ ಸೊನ್ನೆ ತೋರಿಸಿ ಆಡಿಟರ್ ಮುಂದೆ ನಗುವವರಿದ್ದಾರೆ. ಪಾಪ. ವರ್ಷದೊಳಗೆ ತೀರಿಸಿದರೂ ಕೊಟ್ಟ ಕ್ಷಣದಲ್ಲೇ ಅದು ಡಿವಿಡೆಂಡ್ ಆಗಿಹೋಯಿತು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ, ತರುಲತಾ ಶ್ಯಾಮ್ ಪ್ರಕರಣದಲ್ಲಿ ಹೇಳಿಯಾಗಿದೆ. ಕಂಪನಿಗೆ ಹಣ ಪೂರ್ತಿ ಬಂತು, ಡೈರೆಕ್ಟರ್ ಕೈ ಖಾಲಿಯಾಯಿತು, ‘ಆದಾಯ’ ಮಾತ್ರ ಗಟ್ಟಿಯಾಗಿ ಉಳಿಯಿತು.

ಅದೇ ಕಂಪನಿ ಮುಳುಗುತ್ತಿದ್ದರೆ? ಸಂಚಿತ ಲಾಭವೇ ಇಲ್ಲ, ಹಾಗಾಗಿ ಡಿವಿಡೆಂಡೂ ಇಲ್ಲ. ನೆಟ್ಟಗೆ ವ್ಯಾಪಾರ ಮಾಡಿದವನಿಗೆ ಬರೆ, ಕಂಪನಿ ಮುಳುಗಿಸಿದವನಿಗೆ ವಿನಾಯಿತಿ.

ಇನ್ನು ಕಂಪನಿ ಕಾಯ್ದೆ. ತೆರಿಗೆಯವರು ನೋಡುವುದು ಷೇರು. ಕಂಪನಿ ಕಾಯ್ದೆಯವರು ನೋಡುವುದು ಡೈರೆಕ್ಟರ್ ಕುರ್ಚಿ. ಷೇರೇ ಇಲ್ಲದ ಡೈರೆಕ್ಟರ್ ಸಾಲ ಪಡೆದರೆ 2(22)(ಇ) ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ 2013ರ ಕಾಯ್ದೆಯ 185ನೇ ಕಲಂ ಎದ್ದು ನಿಲ್ಲುತ್ತದೆ: ಕಂಪನಿಗೆ 5ರಿಂದ 25 ಲಕ್ಷ ದಂಡ, ಸಾಲ ಪಡೆದ ಡೈರೆಕ್ಟರ್‌ಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಅಷ್ಟೇ ದಂಡ, ಇಲ್ಲವೇ ಎರಡೂ. 2015ರ ಅಧಿಸೂಚನೆ ಸಣ್ಣ ಪ್ರೈವೇಟ್ ಕಂಪನಿಗಳಿಗೆ ಒಂದು ಕಿಂಡಿ ಬಿಟ್ಟಿದೆ. ಅದರಲ್ಲಿ ಬೇರೆ ಕಂಪನಿಗಳು ಷೇರು ಬಂಡವಾಳ ಹಾಕಿರಬಾರದು. ಬ್ಯಾಂಕು ಮುಂತಾದವರಿಂದ ಪಡೆದ ಸಾಲವು ಷೇರುದಾರರು ಕಟ್ಟಿದ ಬಂಡವಾಳದ ದುಪ್ಪಟ್ಟು ಅಥವಾ 50 ಕೋಟಿ, ಯಾವುದು ಕಡಿಮೆಯೋ ಅದರೊಳಗಿರಬೇಕು. ಆ ಸಾಲದ ಕಂತು ತಪ್ಪಿರಬಾರದು. ಒಂದು ಲಕ್ಷ ಬಂಡವಾಳದ ಕಂಪನಿ ಮೂರು ಲಕ್ಷದ ಓವರ್‌ಡ್ರಾಫ್ಟ್ ಬಳಸಿದರೆ ಕಿಂಡಿ ಮುಚ್ಚಿತು. ತೆರೆದಿದ್ದರೂ ಅದರಿಂದ ಜೈಲು ತಪ್ಪೀತೇ ಹೊರತು ತೆರಿಗೆ ತಪ್ಪದು.

ಸಂಬಳವೆಂದು ತೆಗೆದುಕೊಂಡಿದ್ದರೆ ಕಂಪನಿ ಅದನ್ನು ಖರ್ಚೆಂದು ತನ್ನ ಲಾಭದಿಂದಾದರೂ ಕಳೆದುಕೊಳ್ಳುತ್ತಿತ್ತು. ಡಿವಿಡೆಂಡ್ ಎನಿಸಿಕೊಂಡ ಸಾಲಕ್ಕೆ ಆ ಭಾಗ್ಯವಿಲ್ಲ. ಕಂಪನಿ ಒಮ್ಮೆ ತೆರಿಗೆ ಕಟ್ಟಿದ ಲಾಭದ ಮೇಲೆ ನೀವು ಮತ್ತೊಮ್ಮೆ ಕಟ್ಟುತ್ತೀರಿ.

ಕಾನೂನಿಗೆ ಕರುಣೆಯೇ ಇಲ್ಲ ಎನ್ನಬೇಡಿ. ಮುಂದೆ ಕಂಪನಿ ನಿಜವಾದ ಡಿವಿಡೆಂಡ್ ಘೋಷಿಸಿ, ಕೈಗೆ ಕೊಡದೆ, ತೆರಿಗೆ ಬಿದ್ದ ಆ ಹಳೇ ಸಾಲಕ್ಕೆ ವಜಾ ಹಾಕಿಕೊಂಡರೆ (ಸಾಲದ ಬಾಕಿಗೆ ಮುರಿದುಕೊಂಡರೆ) ಅಷ್ಟು ಮೊತ್ತ ಡಿವಿಡೆಂಡ್ ಅಲ್ಲವಂತೆ. ಸಾಲವನ್ನು ಡಿವಿಡೆಂಡ್ ಎಂದವರೇ ಡಿವಿಡೆಂಡನ್ನು ಅಲ್ಲ ಎನ್ನುತ್ತಾರೆ. ಆದರೆ ವಜಾ ಹಾಕಲು ಸಾಲ ಬಾಕಿ ಇರಬೇಕಲ್ಲ? ಮಾರ್ಚ್ 28ಕ್ಕೆ ಓಡಿ ಹೋಗಿ ತೀರಿಸಿದ ಪ್ರಾಮಾಣಿಕರಿಗೆ ಅದೂ ಇಲ್ಲ.