ಸತ್ಯಾಂಶ: ಯುದ್ಧಕಾಲದ ಜಪಾನಿ ಸಿನಿಮಾಗಳಲ್ಲಿ ತಾಯಂದಿರು ಅಳಲೇ ಇಲ್ಲವೇ?

"ಎರಡನೇ ಮಹಾಯುದ್ಧದ ಕಾಲದ ಜಪಾನಿ ಸಿನಿಮಾಗಳಲ್ಲಿ ಸೈನಿಕರಿಗೆ ಭಾವನೆಯೇ ಇಲ್ಲ, ತಾಯಂದಿರು ನಗುತ್ತಲೇ ಮಕ್ಕಳನ್ನು ಸಾಯಲು ಕಳಿಸುತ್ತಾರೆ" ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಯುದ್ಧದ ಪರ ಪ್ರಚಾರ ಜೋರಾಗಿಯೇ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. 1939ರ ಸಿನಿಮಾ ಕಾನೂನು ಬಂದ ಮೇಲೆ ಶೂಟಿಂಗ್‌ಗೆ ಮೊದಲೇ ಚಿತ್ರಕಥೆಗೆ ಸರ್ಕಾರದ ಒಪ್ಪಿಗೆ ಬೇಕಿತ್ತು.

ಆದರೆ ನಿರ್ದೇಶಕ ಕೆಯಿಸುಕೆ ಕಿನೊಶಿತಾ ಅವರ 1944ರ 'ರಿಕುಗುನ್' (ಅಂದರೆ 'ಸೇನೆ') ನೋಡಿ. ಸೇನೆಯ ಬೆಂಬಲದಿಂದಲೇ ತಯಾರಾದ ಚಿತ್ರ. ಕಥೆಯ ಬಹುಪಾಲು ಸೇನೆ ಬಯಸಿದಂತೆಯೇ ಸಾಗುತ್ತದೆ. ಕೊನೆಯಲ್ಲಿ ಮಗ ಯುದ್ಧಕ್ಕೆ ಹೊರಡುತ್ತಾನೆ. ಮನೆಯಲ್ಲೇ ಉಳಿದಿದ್ದ ತಾಯಿ ಕಹಳೆ ಕೇಳಿದ್ದೇ ತಡ, ಬೀದಿಗೆ ಓಡುತ್ತಾಳೆ. ಜೈಕಾರ ಹಾಕುವ ಜನರ ನಡುವೆ ನುಗ್ಗುತ್ತಾಳೆ. ಮಗನ ಪಕ್ಕದಲ್ಲೇ ಓಡುತ್ತಾಳೆ, ಬೀಳುತ್ತಾಳೆ, ಎದ್ದು ಕೈ ಮುಗಿಯುತ್ತಾಳೆ. ತಾಯಿಯ ಪಾತ್ರ ಮಾಡಿದ ಕಿನುಯೊ ತನಾಕಾ ಅವರ ಮುಖ ನೋಡಿದರೆ ಸಾಕು, ಎದೆ ಹಿಂಡುತ್ತದೆ. ಇಲ್ಲಿ ಮಾತೇ ಬೇಕಿಲ್ಲ, ಅಲ್ವಾ?

ಈ ದೃಶ್ಯ ನೋಡಿ ಸೇನೆಯವರಿಗೆ ಸಿಟ್ಟು ಬಂತು. ಯುದ್ಧ ಮುಗಿಯುವವರೆಗೆ ಕಿನೊಶಿತಾ ಮತ್ತೊಂದು ಚಿತ್ರ ನಿರ್ದೇಶಿಸಲಾಗಲಿಲ್ಲ.

ಇಂಥವರು ಅವರೊಬ್ಬರೇ ಅಲ್ಲ. ಚೀನಾದಲ್ಲಿ ದಣಿದು ಸೊರಗಿದ ಸೈನಿಕರನ್ನು ಫುಮಿಯೊ ಕಮೇಯಿ 1939ರಲ್ಲೇ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದರು. ಅದರ ಬಿಡುಗಡೆಗೆ ತಡೆ ಬಿತ್ತು. 1941ರಲ್ಲಿ ಅವರನ್ನು ಬಂಧಿಸಲಾಯಿತು.