ಹೊಸ ರಿವಾಲ್ವರ್‌ನ ಮೊದಲ ಈಡು: ಅರಿಜೋನಾದ ಬಯಲು, ಊರಿನ ಬೀರು

ಅರಿಜೋನಾದಲ್ಲಿ ಬೆಳಗ್ಗೆ ಅಂಗಡಿಯಲ್ಲಿ ರಿವಾಲ್ವರ್ ಕೊಂಡವರು ಅದೇ ಸಂಜೆ ಸರ್ಕಾರಿ ಬಯಲಿಗೆ ಹೋಗಿ ಈಡು ಹೊಡೆಯಬಹುದು. ವಯಸ್ಸು 21 ತುಂಬಿರಬೇಕು, 4473 ಎಂಬ ನಮೂನೆ ಬರೆದುಕೊಡಬೇಕು, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ಇಲ್ಲಿರುವ ಕನ್ನಡಿಗರು ಒಂದು ಮಾತು ಗಮನಿಸಬೇಕು. ಎಚ್-1ಬಿ ವೀಸಾದಲ್ಲಿರುವವರು ಬಂದೂಕು ಹಾಗಿರಲಿ, ಒಂದು ತೋಟಾ ಇಟ್ಟುಕೊಂಡರೂ ಫೆಡರಲ್ ಅಪರಾಧ. ಬೇಟೆ ಪರವಾನಗಿ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳು ಬೇರೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಊರಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಪರವಾನಗಿಗಾಗಿ ಕಚೇರಿ ಕಚೇರಿ ಅಲೆದು, ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್ ಕೊಂಡವರಿಗೆ ಅದನ್ನು ಹೊಡೆದು ನೋಡಲು ಜಾಗ ಸಿಗುವುದೇ ಕಷ್ಟ. ಎಷ್ಟು ತೋಟಾ ಕೊಳ್ಳಬಹುದೆಂಬ ಮಿತಿ ಪರವಾನಗಿಯಲ್ಲೇ ಇರುತ್ತದೆ. ಹಾಗಾಗಿ ಒಂದೂ ಈಡು ಹೊಡೆಯದ ರಿವಾಲ್ವರ್ ಬೀರು ಸೇರುತ್ತದೆ. ಅದು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಲ್ಲಿ ಹೊಡೆಯಲು ಜಾಗವಿದೆ, ಬಯಲಿನಲ್ಲಿ ಹೇಳಿಕೊಡುವವರಿಲ್ಲ. ಅಲ್ಲಿ ಕಟ್ಟುಪಾಡು ಬೇಕಾದಷ್ಟಿದೆ, ಅಭ್ಯಾಸವಿಲ್ಲ. ಎರಡೂ ಅಪಾಯವೇ.

ಮೊದಲ ಹನ್ನೆರಡು ಈಡುಗಳಲ್ಲಿ ಪರೀಕ್ಷೆಯಾಗಬೇಕಾದದ್ದು ರಿವಾಲ್ವರ್, ನಿಮ್ಮ ಗುರಿಯಲ್ಲ. ಅದೂ ಶುರುವಾಗುವುದು ಮನೆಯ ಮೇಜಿನ ಮೇಲೆ, ತೋಟಾ ಬೇರೆ ಕೋಣೆಯಲ್ಲಿಟ್ಟು. ಕಾರ್ಖಾನೆಯ ಗ್ರೀಸನ್ನು ನಳಿಗೆಯಿಂದಲೂ ಸಿಲಿಂಡರ್‌ನಲ್ಲಿ ತೋಟಾ ಕೂರುವ ಆರೂ ಗೂಡುಗಳಿಂದಲೂ ಒರೆಸಿ ತೆಗೆಯಿರಿ. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದನ್ನು ಫೀಲರ್ ಗೇಜ್‌ ಎಂಬ ತೆಳು ಉಕ್ಕಿನ ಪಟ್ಟಿಗಳಿಂದ ಅಳೆಯಿರಿ, 0.10ರಿಂದ 0.20 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಕಡಿಮೆಯಿದ್ದರೆ ನಾಲ್ಕೈದು ಸುತ್ತು ಹೊಡೆಯುವಷ್ಟರಲ್ಲಿ ಮಸಿ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ, ಹೆಚ್ಚಿದ್ದರೆ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಆಮೇಲೆ ಸಿಲಿಂಡರ್‌ಗೆ ಒಂದು ಬೆರಳು ಹಗುರವಾಗಿ ತಾಗಿಸಿ, ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಕೊನೆಗೆ ಹೋಗಿ ನಿಲ್ಲುವ ಮೊದಲೇ ಸಿಲಿಂಡರ್ ಟಕ್ಕೆಂದು ಬೀಗ ಬೀಳಬೇಕು. ಆರರಲ್ಲಿ ಒಂದು ಗೂಡು ಬೀಗ ಬೀಳದಿದ್ದರೂ ಗುಂಡು ನಳಿಗೆಯ ಅಂಚಿಗೆ ಉಜ್ಜಿ ಸೀಸದ ಚೂರು ಸಿಡಿಯುತ್ತದೆ. ಅಂಥದ್ದನ್ನು ಹೊಡೆಯಲೇಬೇಡಿ, ಅಂಗಡಿಗೆ ವಾಪಸ್ ಕೊಡಿ.

ಬಯಲಿನಲ್ಲಿ ಗುರಿಯ ಹಿಂದೆ ಎತ್ತರದ ಮೆತ್ತನೆಯ ಮಣ್ಣಿನ ದಿಬ್ಬ ಇರಲೇಬೇಕು. ಬಂಡೆಗೆ ತಗುಲಿದ ಗುಂಡು ಎತ್ತ ಹಾರುತ್ತದೋ ಹೇಳಲಾಗದು. ಉಕ್ಕಿನ ತಿರುಳಿರುವ ಗುಂಡಾದರೆ ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ. ಕಿವಿಗೆ ಒಳಗಿನ ಪ್ಲಗ್ಗೂ ಮೇಲಿನ ಮಫ್ಫೂ ಎರಡೂ ಬೇಕು; .357 ಮ್ಯಾಗ್ನಂ ಎಂಬ ಜೋರಿನ ತೋಟಾದ ಸದ್ದು 160 ಡೆಸಿಬಲ್ ಮುಟ್ಟುತ್ತದೆ.

ಮೊದಲು ಒಂದೇ ತೋಟಾ ತುಂಬಿ. ಹೊಸಬರ ಬೆರಳು ಹಿನ್ನೊದೆತಕ್ಕೆ ಬೆಚ್ಚಿ ಎರಡನೇ ಸಲ ಟ್ರಿಗರ್ ಒತ್ತಿಬಿಡುವುದುಂಟು, ಅಷ್ಟರಲ್ಲಿ ನಳಿಗೆ ಆಕಾಶ ನೋಡುತ್ತಿರುತ್ತದೆ. ಟ್ರಿಗರ್ ಒತ್ತಿದಾಗ ಸಿಲಿಂಡರ್ ತಿರುಗಿ ಪಕ್ಕದ ಗೂಡು ನಳಿಗೆಯ ನೇರಕ್ಕೆ ಬರುತ್ತದೆ. ಹೊಡೆಯುವವರ ಕಡೆಯಿಂದ ನೋಡಿದರೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಸಿಲಿಂಡರ್ ಎಡಕ್ಕೆ ತಿರುಗುತ್ತದೆ, ಕೋಲ್ಟ್ ಕಂಪನಿಯದು ಬಲಕ್ಕೆ. ಆ ಒಂದು ತೋಟಾ ಯಾವ ಗೂಡಿಗೆ ಎಂಬುದು ಇದರ ಮೇಲೆ ನಿಂತಿದೆ. ಬೆರಳುಗಳು ಸಿಲಿಂಡರ್‌ನ ಮುಂದಿನ ಅಂಚಿಗಿಂತ ಹಿಂದೆಯೇ ಇರಲಿ, ಸಂದಿನಿಂದ ಬರುವ ಅನಿಲ ಚರ್ಮ ಕತ್ತರಿಸುತ್ತದೆ. ಒಂದಾದ ಮೇಲೆ ಎರಡು, ಆಮೇಲೆ ಆರು. ಖಾಲಿ ತೋಟಾಗಳ ತಳ ನೋಡಿ: ತೋಟಾ ಸಿಡಿಸುವ ಪಿನ್ನಿನ ಗುರುತು ನಡುವಿನಲ್ಲೇ ಬಿದ್ದಿರಬೇಕು.

ಟ್ರಿಗರ್ ಒತ್ತಿದರೂ ತೋಟಾ ಸಿಡಿಯದಿದ್ದರೆ ಮತ್ತೆ ಒತ್ತಬೇಡಿ. ಪಿಸ್ತೂಲಿಗಿಂತ ರಿವಾಲ್ವರಿನಲ್ಲಿ ಇದು ಹೆಚ್ಚು ಅಪಾಯ: ತಡವಾಗಿ ಹೊತ್ತಿಕೊಳ್ಳುವ ತೋಟಾ ಅಷ್ಟರಲ್ಲಿ ನಳಿಗೆಯ ನೇರದಿಂದ ಸರಿದು ಪಕ್ಕದಲ್ಲಿ ಸಿಡಿದೀತು. ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಈಡಿನ ಸದ್ದು ಪುಸ್ ಎಂದು ಸಪ್ಪಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಆಗ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ.

ಸಿಲಿಂಡರ್ ಮುಚ್ಚುತ್ತಿಲ್ಲ, ತಿರುಗುತ್ತಿಲ್ಲ ಎಂದು ರಿವಾಲ್ವರನ್ನು ದೂರುವವರು ಮೊದಲು ಖಾಲಿ ತೋಟಾಗಳನ್ನು ಹೊರತಳ್ಳುವ ಎಜೆಕ್ಟರ್ ನಕ್ಷತ್ರದ ಅಡಿ ನೋಡಲಿ. ಉರಿಯದ ಮದ್ದಿನ ಒಂದೆರಡು ಕಾಳು ಸಾಕು ಅದನ್ನು ಬಿಗಿಯಲು. ಖಾಲಿ ತೋಟಾ ತೆಗೆಯುವಾಗ ನಳಿಗೆ ಮೇಲೆ ಮಾಡಿ ಎಜೆಕ್ಟರನ್ನು ಜೋರಾಗಿ ಒಮ್ಮೆ ತಟ್ಟಿದರೆ ಕಾಳು ಒಳಗೆ ಬೀಳುವುದಿಲ್ಲ. .357 ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟಾ ಹೊಡೆಯಬಹುದು, ಅಗ್ಗವೂ ಹೌದು, ಆದರೆ ಅದು ಗಿಡ್ಡವಾದ್ದರಿಂದ ಗೂಡಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ತೋಟಾ ಪೂರ್ತಿ ಇಳಿಯುವುದಿಲ್ಲ. ಬ್ರಷ್ ಹಾಕಿ ತೆಗೆಯಬೇಕು.

ಇಷ್ಟನ್ನೂ ಒಬ್ಬರೇ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಹೊಡೆಯುವವರು ಒಬ್ಬರು, ಉಳಿದವರು ಹಿಂದೆ. ಆ ಪದ್ಧತಿ ಅರಿಜೋನಾಕ್ಕೆ ಬೇಕೇ ಬೇಕು. ಕೋವಿಯ ಉದ್ದ ನಳಿಗೆ ಪಕ್ಕದವರ ಕಡೆ ತಿರುಗಬೇಕಾದರೆ ಮೈಯೇ ತಿರುಗಬೇಕು. ರಿವಾಲ್ವರಿಗೆ ಮಣಿಕಟ್ಟು ಹೊರಳಿದರೆ ಸಾಕು. ಹಾಗಾಗಿ ಹಿಂದೆ ನಿಂತವರ ಕಣ್ಣು ಗುರಿಹಲಗೆಯ ಮೇಲಲ್ಲ, ಹೊಡೆಯುವವರ ಬೆರಳಿನ ಮೇಲಿರಬೇಕು.

ಊರಿನಲ್ಲಿ ಖಾಸಗಿ ಜಮೀನಿನಲ್ಲಿ ಹೊಡೆದು ನೋಡಿ ಎಂದು ನಾನು ಹೇಳುತ್ತಿಲ್ಲ. ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದು ಸರಿಯಾದ ಕಾನೂನು. ಆದರೆ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಅದಕ್ಕೆ ರೇಂಜೂ ಇದೆ, ಹೇಳಿಕೊಡುವವರೂ ಇದ್ದಾರೆ. ಅದೇ ರೇಂಜನ್ನು ತಿಂಗಳಿಗೊಂದು ದಿನ ಪರವಾನಗಿದಾರರಿಗೆ ತೆರೆದು, ಅವರದೇ ರಿವಾಲ್ವರಿನಲ್ಲಿ ಹನ್ನೆರಡು ಈಡು ಹೊಡೆಸಿ, ಆ ತೋಟಾಗಳನ್ನು ವಾರ್ಷಿಕ ಮಿತಿಯ ಲೆಕ್ಕಕ್ಕೆ ಹಿಡಿಯದೆ ಬಿಡಲಿ.